ಜೇಲನ್ ಗ್ರೀನ್ ಮಂಕಾದ ದಿನವನ್ನೂ ನೋಡಬೇಕು: ಎನ್‌ಬಿಎ ಲೀಗ್ ಪಾಸ್ ಬಗ್ಗೆ ಒಬ್ಬ ಕೋಚ್‌ನ ಅನಿಸಿಕೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳನ್ನು ಚಂದಾ ಕೊಟ್ಟು ನೋಡುವ ಆ್ಯಪ್ ಲೀಗ್ ಪಾಸ್. ಅದನ್ನು ತಗೊಳ್ಳಬಹುದಾ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ. ನಿಮಗೆ ನೋಡಬೇಕಿರುವುದು ಬುಟ್ಟಿಗೆ ಬಿದ್ದ ಚೆಂಡುಗಳನ್ನೋ, ಆಡುವ ಮನುಷ್ಯನನ್ನೋ? ಬಿದ್ದ ಚೆಂಡುಗಳಷ್ಟೇ ಸಾಕು ಎನ್ನುವವರು ದುಡ್ಡು ಕೊಡುವ ಅಗತ್ಯವೇ ಇಲ್ಲ. ಪಂದ್ಯ ಮುಗಿದ ಸ್ವಲ್ಪ ಹೊತ್ತಿಗೆಲ್ಲ ಹೈಲೈಟ್ಸ್ ಪುಕ್ಕಟೆ ಸಿಗುತ್ತವೆ. ಒಬ್ಬ ಆಟಗಾರ ಹೇಗೆ ಬೆಳೆಯುತ್ತಿದ್ದಾನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಎಂದು ತಿಳಿಯುವ ಆಸೆ ಇದ್ದವರಿಗೆ ಮಾತ್ರ ಈ ಚಂದಾ ಸಾರ್ಥಕ. ನಾನು ಶಾಲೆಯ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವವಳು. ಲೀಗ್ ಪಾಸ್ ತಗೊಂಡಿದ್ದು ಒಬ್ಬನ ಆಟಕ್ಕಾಗಿ. ಅವನ ಹೆಸರು ಜೇಲನ್ ಗ್ರೀನ್. ಆದ್ದರಿಂದ ಆ್ಯಪ್‌ನ ಬಗ್ಗೆ ಬರೆಯಲು ಹೊರಟರೂ ಅವನ ಬಗ್ಗೆಯೇ ಹೆಚ್ಚು ಬರುತ್ತದೆ. ಎರಡನ್ನೂ ಬೇರೆ ಮಾಡಿ ಹೇಳಲು ನನಗೆ ಆಗುವುದಿಲ್ಲ.

ಗ್ರೀನ್ 2002ರಲ್ಲಿ ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ ಹುಟ್ಟಿದ. ಹೈಸ್ಕೂಲ್ ಮುಗಿದ ಮೇಲೆ ಕಾಲೇಜು ತಂಡದ ದಾರಿ ಬಿಟ್ಟು, ಎನ್‌ಬಿಎ 2020ರಲ್ಲಿ ತನ್ನ ಕಿರಿಯ ಲೀಗ್ ಆದ ಜಿ ಲೀಗ್‌ನಲ್ಲಿ ಹೊಸದಾಗಿ ಕಟ್ಟಿದ ಇಗ್ನೈಟ್ ತಂಡ ಸೇರಿ ಹದಿಹರೆಯದಲ್ಲೇ ಸಂಬಳದ ಆಟಗಾರನಾದ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2021ರ ಡ್ರಾಫ್ಟ್‌ನಲ್ಲಿ ಕೇಡ್ ಕನಿಂಗ್‌ಹ್ಯಾಮ್ ಮೊದಲನೆಯವನು, ಇವನು ಎರಡನೆಯವನು. ಹ್ಯೂಸ್ಟನ್ ರಾಕೆಟ್ಸ್ ಆರಿಸಿಕೊಂಡಿತು. ಇವನ ಬೆನ್ನಿಗೇ ಇವಾನ್ ಮೋಬ್ಲಿ, ಸ್ಕಾಟಿ ಬಾರ್ನ್ಸ್. 2025ರ ಹೊತ್ತಿಗೆ ಆ ಮೂವರೂ ಆಲ್‌ಸ್ಟಾರ್ (ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆಯಾದವರು) ಆಗಿದ್ದರು, ಇವನು ಆಗಿರಲಿಲ್ಲ. ಇವನ ಬಗ್ಗೆ ನಡೆಯುವ ಎಲ್ಲ ಜಗಳಗಳ ಬೇರು ಇಲ್ಲೇ ಇದೆ. ನಾಲ್ವರಲ್ಲಿ ನೋಡಿದವರ ಕಣ್ಣು ಅರಳುವಂತೆ ಆಡುವವನು ಯಾರು ಅಂದರೆ ನಾನು ಗ್ರೀನ್ ಹೆಸರನ್ನೇ ಹೇಳುತ್ತೇನೆ. ಡಿಫೆಂಡರ್‌ನ ಮುಂದೆ ನಿಂತಲ್ಲಿಂದ ತೆಗೆಯುವ ಮೊದಲ ಹೆಜ್ಜೆಯ ವೇಗ, ನೆಲ ಬಿಟ್ಟ ಮೇಲೂ ಗಾಳಿಯಲ್ಲಿ ಕೈ ಬದಲಿಸುವಷ್ಟು ಸಮಯ ಉಳಿಸಿಕೊಳ್ಳುವ ಜಿಗಿತ, ಓಡುತ್ತಿದ್ದವನು ಗಕ್ಕನೆ ನಿಂತು ಹಿಂದಕ್ಕೆ ಸರಿದು ಎತ್ತುವ ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಹೊಡೆದು ಮೂರು ಪಾಯಿಂಟ್ ತರುವ ಶಾಟ್. ಇವು ಕಲಿಸಿ ಬರುವಂಥವಲ್ಲ. ನಾನು ಇಷ್ಟು ವರ್ಷ ಅಂಗಳದಲ್ಲಿ ನಿಂತವಳು, ಧೈರ್ಯವಾಗಿ ಹೇಳಬಲ್ಲೆ.

ಈಗ ಅಂಕಿಗಳು. ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ 17.3 ಪಾಯಿಂಟ್, ಎರಡನೆಯದರಲ್ಲಿ 22.1, ಮೂರನೆಯದರಲ್ಲಿ 19.6, 2024-25ರಲ್ಲಿ 21.0. ಈ ನಾಲ್ಕರಲ್ಲಿ ಕೊನೆಯ ಎರಡೂ ಸೀಸನ್‌ಗಳಲ್ಲಿ 82ಕ್ಕೆ 82 ಪಂದ್ಯ ಆಡಿದ್ದಾನೆ. ಇಂದಿನ ಎನ್‌ಬಿಎಯಲ್ಲಿ ಇದು ಸಣ್ಣ ಮಾತಲ್ಲ, ಇವನನ್ನು ಬೈಯುವವರು ಇದನ್ನು ಸಲೀಸಾಗಿ ಮರೆಯುತ್ತಾರೆ. ಈ ಸರಾಸರಿಗಳನ್ನಷ್ಟೇ ನೋಡಿದವರಿಗೆ ‘ಚೆನ್ನಾಗಿಯೇ ಆಡ್ತಾನಲ್ಲ, ಏನು ತೊಂದರೆ?’ ಅನಿಸುತ್ತದೆ. ತೊಂದರೆ ಕಾಣಬೇಕಿದ್ದರೆ 2025ರ ಪ್ಲೇಆಫ್‌ನ (ಲೀಗ್ ಹಂತ ಮುಗಿದ ಮೇಲಿನ ನಾಕೌಟ್ ಸರಣಿಗಳ) ಮೊದಲ ಸುತ್ತು, ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧದ ಏಳು ಪಂದ್ಯಗಳನ್ನು ತೆಗೆಯಿರಿ. ಮೊದಲ ಪಂದ್ಯದಲ್ಲಿ 15 ಶಾಟ್ ಹೊಡೆದು ಮೂರು ಹಾಕಿದ, ಒಟ್ಟು 7 ಪಾಯಿಂಟ್. ಎರಡನೆಯದರಲ್ಲಿ 38 ಪಾಯಿಂಟ್, ಅದರಲ್ಲಿ ಎಂಟು ತ್ರೀ. ಮೂರನೆಯದರಲ್ಲಿ 9. ಅಲ್ಲಿಂದ ಕೊನೆಯವರೆಗೆ ಒಮ್ಮೆಯೂ 12 ದಾಟಲಿಲ್ಲ. ಏಳನೇ ಪಂದ್ಯದಲ್ಲಿ 8 ಪಾಯಿಂಟ್, 103-89ರಲ್ಲಿ ಸೋಲು, ಆ ವರ್ಷ 52 ಪಂದ್ಯ ಗೆದ್ದು ಪಶ್ಚಿಮ ವಿಭಾಗದಲ್ಲಿ ಎರಡನೇ ಸ್ಥಾನಕ್ಕೆ ಬಂದಿದ್ದ ತಂಡ ಮನೆಗೆ. ಆ ಸರಣಿಯಲ್ಲಿ ಇವನ ಸರಾಸರಿ 13.3 ಎಂದು ದಾಖಲೆ ಹೇಳುತ್ತದೆ. ಏಳು ದಿನಗಳಲ್ಲಿ ಒಂದು ದಿನವೂ ಅವನು 13 ಪಾಯಿಂಟ್‌ನ ಆಟ ಆಡಲಿಲ್ಲ.

ಹೈಲೈಟ್ಸ್ ನೋಡುವವರಿಗೆ ಸಿಗುವುದು ಆ 38ರ ದಿನ. ಅಂಕಪಟ್ಟಿ ನೋಡುವವರಿಗೆ ಸಿಗುವುದು 13.3. ಎರಡರಲ್ಲೂ ಈ ಹುಡುಗ ಇಲ್ಲ. ಲೀಗ್ ಪಾಸ್‌ನಲ್ಲಿ ಪೂರ್ತಿ ಪಂದ್ಯಗಳ ಸಂಗ್ರಹ ಇದೆ; ಯಾವ ದಿನದ್ದು ಬೇಕೋ ಅದನ್ನು ಮೊದಲ ಜಂಪ್ ಬಾಲ್‌ನಿಂದ ಕೊನೆಯ ಹಾರ್ನ್‌ವರೆಗೆ ನೋಡಬಹುದು. ನನ್ನ ಮಟ್ಟಿಗೆ ಈ ಸೇವೆಯ ಬೆಲೆ ಇರುವುದೇ ಇದರಲ್ಲಿ. ಮಿಕ್ಕಿದ್ದು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಒಂದು ಸೌಕರ್ಯವನ್ನು ಮಾತ್ರ ಬಾಯ್ತುಂಬ ಹೊಗಳಬೇಕು. ಸ್ಕೋರ್ ಮರೆಮಾಡುವ ಆಯ್ಕೆ. ಅಮೆರಿಕದ ಸಂಜೆಯ ಪಂದ್ಯ ನಮಗೆ ಬೆಳಗಿನ ಹೊತ್ತು. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ನೋಡಲಾಗದೆ ಸಂಜೆ ಕೂತಾಗ ಫಲಿತಾಂಶ ಕಣ್ಣಿಗೆ ಬಿದ್ದಿದ್ದರೆ ನೋಡುವ ರೀತಿಯೇ ಬದಲಾಗಿಬಿಡುತ್ತದೆ. ಇವನು 38 ಹಾಕಿದ್ದಾನೆಂದು ಗೊತ್ತಿದ್ದರೆ ಅವನ ಕೆಟ್ಟ ಶಾಟ್ ಕೂಡ ಧೈರ್ಯದ ಶಾಟ್ ಥರ ಕಾಣುತ್ತದೆ. 7 ಹಾಕಿದ್ದಾನೆಂದು ಗೊತ್ತಿದ್ದರೆ ಒಳ್ಳೆಯ ಶಾಟ್ ತಪ್ಪಿದಾಗಲೂ ‘ಇವನಿಗೆ ತಲೆಯೇ ಇಲ್ಲ’ ಅನಿಸುತ್ತದೆ. ಕೋಚ್ ಆದವರಿಗೆ ಇದು ದೊಡ್ಡ ಅಪಾಯ. ಶಾಟ್ ಒಳ್ಳೆಯದೋ ಕೆಟ್ಟದ್ದೋ ಎಂದು ಚೆಂಡು ಕೈ ಬಿಡುವ ಮುಂಚೆಯೇ ತೀರ್ಮಾನಿಸಬೇಕು, ಬಿದ್ದ ಮೇಲೆ ಅಲ್ಲ. ಹಾಗಾಗಿ ಸ್ಕೋರ್ ಮುಚ್ಚಿಟ್ಟೇ ನಾನು ಪಂದ್ಯ ಹಾಕುವುದು, ಮಕ್ಕಳ ಜೊತೆ ನೋಡುವಾಗಲಂತೂ ಕಡ್ಡಾಯ.

ನನ್ನ ತಂಡದಲ್ಲೂ ಇಂಥವಳೊಬ್ಬಳಿದ್ದಾಳೆ. ಒಂದು ಪಂದ್ಯದಲ್ಲಿ ಎದುರಾಳಿಗಳನ್ನು ಒಬ್ಬಳೇ ಮುಗಿಸುತ್ತಾಳೆ, ಮುಂದಿನದರಲ್ಲಿ ಎಲ್ಲಿದ್ದಾಳೆಂದು ಹುಡುಕಬೇಕು. ಒಂದು ಸಾಧಾರಣ ಲೀಗ್ ಪಂದ್ಯವನ್ನು ಅವಳೊಂದಿಗೆ ನೋಡುತ್ತಿದ್ದೆ.

“ಮಿಸ್, ಮೊನ್ನೆ ಅಷ್ಟೊಂದು ಹಾಕ್ದೋನು ಇವತ್ತು ಯಾಕೆ ಹಿಂಗಾಡ್ತಿದಾನೆ? ಮೂಡ್ ಇಲ್ವಾ?”

“ಮೂಡ್ ವಿಷಯ ಬಿಡು. ಸ್ಕ್ರೀನ್ ಬಂದಾಗ ಏನಾಗುತ್ತೆ ಅದನ್ನ ನೋಡು.”

ಸ್ಕ್ರೀನ್ ಅಂದರೆ ಡಿಫೆಂಡರ್‌ನ ದಾರಿಗೆ ಜೊತೆಯಾಟಗಾರ ಅಡ್ಡ ನಿಲ್ಲುವುದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನೇ ಹಿಂದಕ್ಕೆ ಓಡಿಸಿದಳು, ಮತ್ತೆ ನೋಡಿದಳು. “ಇವನ ಹತ್ರ ಇಬ್ರು ಬರ್ತಿದಾರೆ ಮಿಸ್. ಇವನು ಚೆಂಡು ಕೊಟ್ಬಿಟ್ಟು ಅಲ್ಲೇ ನಿಂತ್ಬಿಡ್ತಿದಾನೆ.”

ಇಷ್ಟು ಸಾಕಿತ್ತು ನನಗೆ. ಗ್ರೀನ್‌ನ ಏರಿಳಿತಕ್ಕೆ ‘ಮನಸ್ಸು’, ‘ಛಲ ಇಲ್ಲ’ ಎಂದು ಸುಲಭವಾಗಿ ಹಣೆಪಟ್ಟಿ ಹಚ್ಚುತ್ತಾರೆ. ಪೂರ್ತಿ ಪಂದ್ಯ ನೋಡಿದರೆ ಅದಕ್ಕಿಂತ ಗಟ್ಟಿಯಾದ, ಸರಿಪಡಿಸಬಹುದಾದ ಕಾರಣಗಳು ಕಾಣುತ್ತವೆ.

ಮೊದಲನೆಯದು ಬರೀ ಲೆಕ್ಕ. 2024-25ರಲ್ಲಿ ಇವನು ಪಂದ್ಯಕ್ಕೆ ಎಂಟರಷ್ಟು ತ್ರೀ ಹೊಡೆದ. ವೃತ್ತಿಜೀವನದಲ್ಲಿ ಮೂರಕ್ಕೊಂದರ ಆಸುಪಾಸು ಬೀಳುತ್ತವೆ. ಹೀಗೆ ಮೂರಕ್ಕೊಂದು ಬೀಳುವ ಕೈ ಎಂಟು ಸಲ ಎಸೆದರೆ, ಬೇರೇನೂ ಬದಲಾಗದಿದ್ದರೂ, ಹತ್ತಿರಹತ್ತಿರ ಐದು ಪಂದ್ಯಕ್ಕೊಮ್ಮೆ ಒಂದೋ ಸೊನ್ನೆಯೋ ಮಾತ್ರ ಬೀಳುತ್ತದೆ. ಹನ್ನೊಂದು ಪಂದ್ಯಕ್ಕೊಮ್ಮೆ ಐದು ಅಥವಾ ಅದಕ್ಕೂ ಹೆಚ್ಚು. ಅದು ಆಕಸ್ಮಿಕದ ಪಾಲು, ಅದಕ್ಕೆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಹಿರಿಯ ಶೂಟರ್‌ಗಳಿಗೂ ಇದು ತಪ್ಪಿದ್ದಲ್ಲ. ಅದೇ ಏಳನೇ ಪಂದ್ಯದಲ್ಲಿ ವಾರಿಯರ್ಸ್‌ನ ಬಡಿ ಹೀಲ್ಡ್ ಒಂಬತ್ತು ತ್ರೀ ಹಾಕಿ 33 ಪಾಯಿಂಟ್ ಗಳಿಸಿದ. ಅವನೇನೂ ದಿನಾ ಹಾಗೆ ಆಡುವವನಲ್ಲ.

ಎರಡನೆಯದು ಇವನ ಕೈಯಲ್ಲೇ ಇರುವಂಥದ್ದು. ದೂರದ ಶಾಟ್ ಬೀಳದ ದಿನ ಪಾಯಿಂಟ್ ಎಲ್ಲಿಂದ ತರಬೇಕು? ರಿಮ್‌ಗೆ, ಅಂದರೆ ಬುಟ್ಟಿಯ ಬಳೆಯ ಹತ್ತಿರಕ್ಕೆ ನುಗ್ಗಿ ಲೇಅಪ್, ಇಲ್ಲವೇ ಫೌಲ್ ತೆಗೆಸಿಕೊಂಡು ಫ್ರೀ ಥ್ರೋ (ಯಾರೂ ಅಡ್ಡ ಬಾರದ ಎಸೆತ). ಗ್ರೀನ್‌ನ ಫ್ರೀ ಥ್ರೋ ಕೈ ಕೆಟ್ಟದ್ದೇನಲ್ಲ, ಹತ್ತಕ್ಕೆ ಎಂಟು ಹಾಕುತ್ತಾನೆ. ಎರಡನೇ ಸೀಸನ್‌ನಲ್ಲಿ ಪಂದ್ಯಕ್ಕೆ ಆರರಷ್ಟು ಫ್ರೀ ಥ್ರೋ ಸಂಪಾದಿಸುತ್ತಿದ್ದ. ಆಮೇಲಿನ ಎರಡು ಸೀಸನ್‌ಗಳಲ್ಲಿ ಆ ಮಟ್ಟ ಮತ್ತೆ ಮುಟ್ಟಲಿಲ್ಲ. ಅಷ್ಟು ವೇಗ, ಅಷ್ಟು ಜಿಗಿತ ಇಟ್ಟುಕೊಂಡು ಫ್ರೀ ಥ್ರೋ ಲೈನಿಗೆ ಹೋಗುವುದು ಕಡಿಮೆ ಮಾಡಿದ ಹುಡುಗನನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಎರಡು ಶಾಟ್ ತಪ್ಪಿದವನು ಮೂರನೆಯದಕ್ಕೆ ಒಳಗೆ ನುಗ್ಗಬೇಕು. ಇವನು ಮೂರನೆಯದಕ್ಕೂ ಹಿಂದಕ್ಕೇ ಸರಿಯುತ್ತಾನೆ. ಹೈಲೈಟ್ಸ್‌ನಲ್ಲಿ ಇದು ಎಂದಿಗೂ ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ತಪ್ಪಿದ ಶಾಟ್‌ಗಳೇ ಇರುವುದಿಲ್ಲ. ಒಂದು ಶಾಟ್ ತಪ್ಪಿದ ಮೇಲೆ ಮುಂದಿನದನ್ನು ಅವನು ಹೇಗೆ ಆರಿಸಿಕೊಂಡ ಎಂಬ ಸರಪಳಿ ಪೂರ್ತಿ ಆಟದಲ್ಲಿ ಮಾತ್ರ ಸಿಗುತ್ತದೆ.

ಮೂರನೆಯದು, ನನ್ನ ಹುಡುಗಿ ಕಂಡುಹಿಡಿದದ್ದು. ಲೀಗ್ ಹಂತದಲ್ಲಿ ಎದುರಾಳಿ ತಂಡ ಬಂದು ಆಡಿ ಹೋಗಿಬಿಡುತ್ತದೆ, ಇವನಿಗೆಂದೇ ಯೋಜನೆ ಹಾಕುವ ವ್ಯವಧಾನ ಕಡಿಮೆ. ಪ್ಲೇಆಫ್‌ನಲ್ಲಿ ಒಂದೇ ತಂಡ ಎರಡು ವಾರ ಇವನನ್ನೇ ಓದುತ್ತದೆ. ಮೊದಲ ದಾರಿ ಮುಚ್ಚಿದಾಗ ಎರಡನೆಯದು, ಎರಡನೆಯದು ಮುಚ್ಚಿದಾಗ ಮೂರನೆಯದು ಇರಬೇಕು. ಚೆಂಡು ಕೊಟ್ಟು ನಿಂತುಬಿಡದೆ ಬುಟ್ಟಿಯ ಕಡೆ ಕಟ್ ಮಾಡುವುದು, ಇಬ್ಬರು ಬಂದರೆ ನಡುವೆ ಸಿಗುವ ಸಂದಿಯಲ್ಲಿ ರಾಕೆಟ್ಸ್‌ನಲ್ಲಿ ಜೊತೆಗಿದ್ದ ಎತ್ತರದ ಆಟಗಾರ ಅಲ್ಪೆರೆನ್ ಶೆಂಗೂನ್‌ನಂಥವನಿಗೆ ತಡಮಾಡದೆ ಪಾಸ್ ಕೊಡುವುದು. ಇವು ಬಂದರೆ ತ್ರೀ ಬೀಳದ ದಿನವೂ ಇವನು ತಂಡಕ್ಕೆ ಭಾರವಾಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ 2024ರ ಮಾರ್ಚ್ ತಿಂಗಳನ್ನು ಹೇಳದಿದ್ದರೆ ನಾನು ಈ ಹುಡುಗನಿಗೆ ಅನ್ಯಾಯ ಮಾಡಿದಂತೆ. ಶೆಂಗೂನ್ ಗಾಯಗೊಂಡು ಹೊರಗೆ ಕೂತ. ಎಲ್ಲರೂ ರಾಕೆಟ್ಸ್ ಕಥೆ ಮುಗಿಯಿತು ಅಂದುಕೊಂಡರು. ಆ ತಿಂಗಳು ಗ್ರೀನ್ ಪಂದ್ಯಕ್ಕೆ 27ಕ್ಕೂ ಮಿಕ್ಕಿ ಪಾಯಿಂಟ್ ಹಾಕಿದ, ವಾಷಿಂಗ್ಟನ್ ವಿರುದ್ಧ ಒಂದೇ ರಾತ್ರಿ 42, ತಂಡ ಸತತ 11 ಪಂದ್ಯ ಗೆದ್ದಿತು. ಹಿಂದಿನ ಎರಡು ವರ್ಷ 20 ಮತ್ತು 22 ಗೆಲುವಿಗೆ ನಿಂತಿದ್ದ ತಂಡ ಕೋಚ್ ಇಮೆ ಉಡೋಕಾರ ಮೊದಲ ವರ್ಷದಲ್ಲೇ 41-41ಕ್ಕೆ ಬಂತು. ಆ ಪಂದ್ಯಗಳನ್ನು ಸಂಗ್ರಹದಿಂದ ತೆಗೆದು ಸಾಲಾಗಿ ನೋಡುವುದೇ ಒಂದು ಸುಖ. ಶೆಂಗೂನ್ ಇಲ್ಲದೆ ಬುಟ್ಟಿಯ ಮುಂದಿನ ಜಾಗ ತೆರೆದುಕೊಂಡಿತ್ತು, ತಂಡ ವೇಗವಾಗಿ ಓಡುತ್ತಿತ್ತು, ಡಿಫೆನ್ಸ್ ಸಜ್ಜಾಗಿ ನಿಲ್ಲುವ ಮುಂಚೆಯೇ ಇವನು ಹೊರಟಿರುತ್ತಿದ್ದ. ಇವನಲ್ಲಿ ಇರುವ ಶಕ್ತಿ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಆ ಮಾರ್ಚ್‌ನ ಯಾವುದಾದರೂ ಪಂದ್ಯ ಹಾಕಿ ತೋರಿಸುತ್ತೇನೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಕೆಟ್ಸ್ ಇವನ ಜೊತೆ ಮೂರು ವರ್ಷಕ್ಕೆ 10 ಕೋಟಿ ಡಾಲರ್‌ಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. ದೊಡ್ಡ ಮೊತ್ತ, ನಿಜ. ಆದರೆ ಇಂಥ ಆಟಗಾರರಿಗೆ ಸಾಮಾನ್ಯವಾಗಿ ನಾಲ್ಕೈದು ವರ್ಷದ ಒಪ್ಪಂದ ಸಿಗುತ್ತದೆ. ತಂಡಕ್ಕೂ ಇವನ ಮೇಲೆ ಆಸೆ ಇತ್ತು, ಪೂರ್ತಿ ನಂಬಿಕೆ ಇನ್ನೂ ಬಂದಿರಲಿಲ್ಲ ಎಂದೇ ನಾನು ಓದಿಕೊಂಡೆ.

ಆ್ಯಪ್‌ಗೆ ಮರಳೋಣ. ಹತ್ತು ನಿಮಿಷದ ಆಸುಪಾಸಿನ ಸಂಕ್ಷಿಪ್ತ ಪಂದ್ಯವೂ ಇದರಲ್ಲಿದೆ. ಕೆಲಸದ ದಿನಗಳಲ್ಲಿ ಯಾರು ಗೆದ್ದರು, ಹೇಗೆ ಗೆದ್ದರು ಎಂದು ತಿಳಿಯಲು ಸಾಕು. ಒಬ್ಬ ಆಟಗಾರನನ್ನು ಅಳೆಯಲು ಅದನ್ನು ಬಳಸಬೇಡಿ. ಸ್ಕ್ರೀನ್‌ಗಾಗಿ ಕಾಯುವುದು, ಬೇಸತ್ತು ಮೂಲೆಯಲ್ಲಿ ನಿಲ್ಲುವುದು, ಡಿಫೆನ್ಸ್‌ಗೆ ಹಿಂದಿರುಗಿ ಓಡುವುದೋ ನಡೆಯುವುದೋ, ಇವೆಲ್ಲ ಅಲ್ಲಿ ಕತ್ತರಿಗೆ ಹೋಗಿರುತ್ತವೆ.

ಹೆಚ್ಚಿನ ಲೀಗ್ ಪಂದ್ಯಗಳಿಗೆ ಎರಡೂ ತಂಡಗಳ ಪ್ರಸಾರದಲ್ಲಿ ನಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಇದರ ಬೆಲೆ ಅನೇಕರಿಗೆ ಗೊತ್ತಿಲ್ಲ. ತವರಿನ ಕಾಮೆಂಟರಿಯವರಿಗೆ ನಮ್ಮ ಹುಡುಗ ಎಂಬ ಮಮತೆ. ಅವನ ಕೆಟ್ಟ ಶಾಟ್‌ಗೂ ಒಂದು ಸಮಾಧಾನ ಇರುತ್ತದೆ. ಎದುರಾಳಿಯ ಪ್ರಸಾರ ಹಾಕಿ. ‘ಇವನನ್ನು ಎಡಕ್ಕೆ ತಳ್ಳಿ’, ‘ಇವನು ಅಲ್ಲಿಂದ ಹೊಡೆಯಲಿ ಬಿಡಿ’ ಎಂಬಂಥ ಮಾತುಗಳನ್ನು ಅಲ್ಲಿ ಕೂತ ಮಾಜಿ ಆಟಗಾರರು ಸಂಕೋಚವಿಲ್ಲದೆ ಆಡುತ್ತಾರೆ. ಒಬ್ಬ ಆಟಗಾರನಿಗೆ ಬೇರೆಯವರು ಎಷ್ಟು ಹೆದರುತ್ತಾರೆ, ಯಾವುದಕ್ಕೆ ಹೆದರುವುದಿಲ್ಲ ಎಂದು ಅಲ್ಲಿ ತಿಳಿಯುತ್ತದೆ. ನಾನು ಗ್ರೀನ್‌ನ ಪಂದ್ಯಗಳಿಗೆ ಹೆಚ್ಚಾಗಿ ಅದನ್ನೇ ಹಾಕುವುದು.

ಕೊರತೆ ಅಂದರೆ ಕ್ಯಾಮೆರಾ. ಟಿವಿ ಪ್ರಸಾರವನ್ನೇ ಕೊಡುವುದರಿಂದ ಅದು ಚೆಂಡಿನ ಹಿಂದೆಯೇ ಓಡುತ್ತದೆ. ಗ್ರೀನ್ ಚೆಂಡಿಲ್ಲದೆ ಏನು ಮಾಡುತ್ತಾನೆ ಎಂಬುದೇ ನನ್ನ ದೊಡ್ಡ ಪ್ರಶ್ನೆಯಾಗಿರುವಾಗ, ಹತ್ತಿರದ ಶಾಟ್‌ಗೆ ಕ್ಯಾಮೆರಾ ಜಾರಿದ ಕೂಡಲೇ ಅವನು ಚೌಕಟ್ಟಿನಿಂದ ಹೊರಗೆ. ಹತ್ತೂ ಆಟಗಾರರು ಇಡೀ ಹೊತ್ತು ಕಾಣುವಂಥ ಎತ್ತರದ ಒಂದು ನೋಟ ಕೊಟ್ಟರೆ ನನ್ನಂಥ ಕೋಚ್‌ಗಳು ಅದಕ್ಕೇ ಬೇರೆ ದುಡ್ಡು ಕೊಡಲು ಸಿದ್ಧರಿರುತ್ತೇವೆ. ಅದಾಗುವವರೆಗೆ ಒಂದು ಉಪಾಯ: ಎನ್‌ಬಿಎಯ ಜಾಲತಾಣದಲ್ಲಿ ಪಂದ್ಯದ ಬಾಕ್ಸ್ ಸ್ಕೋರ್ (ಆಟಗಾರರ ಅಂಕಿಗಳ ಪಟ್ಟಿ) ತೆರೆದು ಆಟಗಾರನ ಮುಂದಿನ ಅಂಕಿ ಒತ್ತಿದರೆ ಆ ಶಾಟ್‌ಗಳ, ಟರ್ನೋವರ್‌ಗಳ (ಚೆಂಡು ಎದುರಾಳಿಗೆ ಬಿಟ್ಟುಕೊಟ್ಟ ಸಲಗಳ) ತುಣುಕುಗಳು ಒಂದೊಂದಾಗಿ ಬರುತ್ತವೆ. ಅದಕ್ಕೆ ಚಂದಾ ಬೇಡ. ಮೊದಲು ಪೂರ್ತಿ ಪಂದ್ಯ, ಆಮೇಲೆ ಆ ತುಣುಕುಗಳು, ಈ ಕ್ರಮದಲ್ಲಿ ನೋಡಿ. ತಿರುಗುಮುರುಗು ಮಾಡಿದರೆ ಮತ್ತೆ ಹೈಲೈಟ್ಸ್ ನೋಡಿದ ಹಾಗೇ ಆಗುತ್ತದೆ.

ಹೆಚ್ಚು ದುಡ್ಡಿನ ಪ್ರೀಮಿಯಂನಲ್ಲಿ ಜಾಹೀರಾತಿನ ಬದಲು ವಿರಾಮದಲ್ಲಿ ಕ್ರೀಡಾಂಗಣದೊಳಗಿನ ದೃಶ್ಯ ಬರುತ್ತದೆ, ಪಂದ್ಯ ಇಳಿಸಿಟ್ಟುಕೊಳ್ಳಲೂ ಬಹುದು. ಮಕ್ಕಳಿಗೆ ತೋರಿಸುವವರಿಗೆ ಇಳಿಸಿಟ್ಟುಕೊಳ್ಳುವ ಸೌಕರ್ಯ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಕೂತು ನೋಡುವವರಿಗೆ ಬೇಕಾಗಿಲ್ಲ. ಅಮೆರಿಕದಲ್ಲಿರುವ ಬಂಧುಗಳ ಮಾತು ಕೇಳಿ ತೀರ್ಮಾನಿಸಬೇಡಿ. ಅಲ್ಲಿ ಸ್ಥಳೀಯ ತಂಡದ ಪಂದ್ಯಗಳೂ ರಾಷ್ಟ್ರೀಯ ಚಾನೆಲ್‌ನಲ್ಲಿ ಬರುವ ಪಂದ್ಯಗಳೂ ನೇರಪ್ರಸಾರಕ್ಕೆ ತಡೆಯಾಗುತ್ತವೆ, ಅದು ಬೇರೆಯೇ ನಿಯಮ.

ಯಾವ ಯೋಜನೆ ತಗೊಳ್ಳಬೇಕು ಎಂಬಲ್ಲಿ ಮಾತ್ರ ಸ್ವಲ್ಪ ಯೋಚಿಸಿ. ಒಂದೇ ತಂಡದ ಪಂದ್ಯಗಳಿಗೆ ಸೀಮಿತವಾದ ಟೀಮ್ ಪಾಸ್ ಕಡಿಮೆಗೆ ಸಿಗುತ್ತದೆ. ತಂಡಕ್ಕೆ ಅಂಟಿಕೊಂಡವರಿಗೆ ಅದೇ ಸರಿ. ಆಟಗಾರನಿಗೆ ಅಂಟಿಕೊಂಡವರಿಗೆ ಅಲ್ಲ. 2025ರ ಬೇಸಿಗೆಯಲ್ಲಿ ರಾಕೆಟ್ಸ್ ಹಿರಿಯ ತಾರೆ ಕೆವಿನ್ ಡ್ಯುರಂಟ್‌ನನ್ನು ತರಲು ಗ್ರೀನ್‌ನನ್ನೂ ಡಿಲನ್ ಬ್ರೂಕ್ಸ್‌ನನ್ನೂ ಫೀನಿಕ್ಸ್ ಸನ್ಸ್‌ಗೆ ಕೊಟ್ಟುಬಿಟ್ಟಿತು. ನಾಲ್ಕು ವರ್ಷ ಕಾದ ತಂಡ ಇನ್ನು ಕಾಯುವುದಿಲ್ಲ ಎಂದಿತು. ಆಗ ಅವನಿಗೆ 23 ವರ್ಷ. ಅವರ ಲೆಕ್ಕ ಅವರಿಗೆ ಸರಿ ಇರಬಹುದು, 52 ಪಂದ್ಯ ಗೆದ್ದ ತಂಡಕ್ಕೆ ಪ್ಲೇಆಫ್‌ನಲ್ಲಿ ನಂಬಿ ಚೆಂಡು ಕೊಡಬಹುದಾದ ಕೈ ಬೇಕಿತ್ತು. ನನಗೆ ಸಂಕಟವಾಯಿತು. 23 ವರ್ಷದ ಆಟಗಾರನ ಆಟ ಮುಗಿದ ಆಟವಲ್ಲ.

ಫೀನಿಕ್ಸ್‌ನಲ್ಲಿ ಅವನ ಆರಂಭವೂ ಅವನ ಇದುವರೆಗಿನ ಕಥೆಯಂತೆಯೇ ಆಯಿತು. ಹ್ಯಾಮ್‌ಸ್ಟ್ರಿಂಗ್ ನೋವಿನಿಂದ ಮೊದಲ ವಾರಗಳು ಹೋದವು. ನವೆಂಬರ್ 6ರಂದು ಕ್ಲಿಪ್ಪರ್ಸ್ ವಿರುದ್ಧ ಇಳಿದವನು 29 ಪಾಯಿಂಟ್ ಹಾಕಿದ, ಮುಂದಿನ ಪಂದ್ಯದಲ್ಲೇ ಅದೇ ಸ್ನಾಯು ಮತ್ತೆ ಕೈಕೊಟ್ಟಿತು. ವೇಗವನ್ನೇ ನಂಬಿ ಆಡುವವನಿಗೆ ತೊಡೆಯ ಹಿಂದಿನ ಸ್ನಾಯು ಎಷ್ಟು ಮುಖ್ಯ ಎಂದು ಆಡಿದವರಿಗೆ ಗೊತ್ತು. ಅವಸರ ಮಾಡಿ ಬಂದರೆ ಅದು ಬಿಡದೆ ಕಾಡುತ್ತದೆ.

ನನ್ನ ಸಲಹೆ ಇಷ್ಟು. ಬೆಳೆಯುತ್ತಿರುವ ಒಬ್ಬ ಆಟಗಾರನನ್ನು ಹಿಂಬಾಲಿಸುವವರು ಎಲ್ಲ ತಂಡಗಳ ಸಾಮಾನ್ಯ ಲೀಗ್ ಪಾಸ್ ತಗೊಳ್ಳಿ, ಅವನು ಎಲ್ಲಿಗೆ ಹೋದರೂ ಅದು ಜೊತೆಗೆ ಬರುತ್ತದೆ. ಮಕ್ಕಳು ಆಡುವ ಮನೆಯವರು, ಶಾಲೆಯ ಕೋಚ್‌ಗಳು ಕಣ್ಣುಮುಚ್ಚಿ ತಗೊಳ್ಳಬಹುದು. ಗ್ರೀನ್‌ನನ್ನು ನೋಡುವವರು ಮೊದಲ ಕ್ವಾರ್ಟರ್‌ನಲ್ಲಿ ಅವನು ಎಷ್ಟು ಪಾಯಿಂಟ್ ಹಾಕಿದ ಎಂದು ಎಣಿಸುವುದು ಬಿಟ್ಟು, ಮೊದಲ ಎರಡು ತ್ರೀ ತಪ್ಪಿದ ಮೇಲೆ ಮುಂದಿನ ಸಲ ಚೆಂಡು ಬಂದಾಗ ರಿಮ್ ಕಡೆ ಹೋದನೋ ಇಲ್ಲವೋ ಎಂಬುದನ್ನು ಗಮನಿಸಿ. ನಾನೂ ನನ್ನ ಹುಡುಗಿಯೂ ಈಗ ಸನ್ಸ್ ಪಂದ್ಯಗಳಲ್ಲಿ ಗುರುತು ಹಾಕಿಕೊಳ್ಳುವುದು ಅದೊಂದನ್ನೇ.